ಮನೆಯ ಕೊಟ್ಟಿಗೆ: ಅಳತೆ ತಪ್ಪಿದ ಅಕ್ಕರೆ

ಕಳೆದ ತಿಂಗಳು ಈ ಅಂಕಣದಲ್ಲಿ ಎಳೆಗರುಗಳ ಹೊಟ್ಟೆಹುಳುವಿನ ವಿಚಾರವನ್ನು ಬರೆದಿದ್ದೆನು. ಅದನ್ನು ಓದಿದ ಗೃಹಿಣಿಯೊಬ್ಬರು, "ಮಾಸ್ತರರು ಆಕಳು ಎಮ್ಮೆಗಳನ್ನು ಬಿಟ್ಟು ಬೇರೆ ಪ್ರಾಣಿಗಳ ಮಾತೆತ್ತುವುದೇ ಇಲ್ಲ. ಮಕ್ಕಳ ಹಟಕ್ಕಾಗಿ ನಾವೊಂದು ತಟ್ಟುವನ್ನು ತಂದಿದ್ದೇವೆ. ಅದು ಮೈ ತುಂಬಿಕೊಳ್ಳಬೇಕಾದರೆ ಏನನ್ನು ತಿನ್ನಿಸಬೇಕು?" ಎಂದು ಕಾಗದ ಬರೆದು ಕೇಳಿದ್ದಾರೆ. ತಟ್ಟುವಿಗೆ ಏನನ್ನು ತಿನ್ನಿಸಬೇಕೆಂದು ಹೇಳಲು ನನಗಿಂತ ಯೋಗ್ಯರಾದವರು ಬಹುಮಂದಿ ಇರುವರು. ಆದರೆ ಏನನ್ನು ತಿನ್ನಿಸಬಾರದೆಂಬುದನ್ನು ನಾನು ಬೆಲೆ ಕೊಟ್ಟು ಕಲಿತಿರುವೆನು. ಆ ಬೆಲೆಯನ್ನು ತೆತ್ತವನಾದರೂ ನಾನಲ್ಲ, ಒಂದು ಮೂಕಪ್ರಾಣಿ. ಆದುದರಿಂದ ಈ ತಿಂಗಳ ಬರೆಹವು ಉಪದೇಶಕ್ಕಿಂತ ಹೆಚ್ಚಾಗಿ ತಪ್ಪೊಪ್ಪಿಗೆಯೆಂದೇ ವಾಚಕರು ಭಾವಿಸಬೇಕು.

ಮೂರು ವರ್ಷಗಳ ಹಿಂದಿನ ಮಾತು. ಕಾರ್ತಿಕ ಮಾಸ ಬಂದಿತೆಂದರೆ ಕುರಿಗಾರರ ಒಂದು ಕುಟುಂಬವು ಲಿಂಗಸುಗೂರಿನಲ್ಲಿರುವ ನಮ್ಮ ಬೀಳುಹೊಲದಲ್ಲಿ ನಾಲ್ಕಾರು ರಾತ್ರಿ ಮಂದೆಯನ್ನು ತರುಬಿ, ಆಮೇಲೆ ಸಿಂಧನೂರಿನ ಕಡೆಗೆ, ಕೊಯ್ಲಾದ ಗದ್ದೆಗಳ ಮೇವನ್ನು ಅರಸಿ ಹೋಗುವುದು ವಾಡಿಕೆ. ಅವರ ಸಂಸಾರವೆಲ್ಲವೂ ಒಂದು ಹೆಣ್ಣುತಟ್ಟುವಿನ ಬೆನ್ನಿನ ಮೇಲೆಯೇ ನಡೆಯುತ್ತದೆ. ಕಂಬಳಿ, ಅಡುಗೆಯ ಪಾತ್ರೆ, ಮಂದೆಗೆ ಸುತ್ತುವ ಬಲೆ, ಆ ದಿನ ಹುಟ್ಟಿದ ಮರಿ, ಒಮ್ಮೊಮ್ಮೆ ನಡೆಯಲಾರದ ಕೂಸು, ಇವೆಲ್ಲವನ್ನೂ ಅದೇ ಹೊರಬೇಕು. ಆ ವರ್ಷ ಹೊರೆಯ ಹಗ್ಗವು ಉಜ್ಜಿ ಅದರ ಬೆನ್ನಿನ ಮೇಲೆ ಅಂಗೈಯಗಲದ ಹುಣ್ಣಾಗಿತ್ತು. ಕುರಿಗಾರನು ಅದನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿ, "ಮಾಸ್ತರ್ರೀ, ಹುಣ್ಣು ಮಾಯೂ ತನಕ ನಿಮ್ಮ ದನದ ಮನ್ಯಾಗ ಇರ್ಲಿ. ಇದು ನೆಟ್ಟಗಿದ್ರ ನಾವು ನೆಟ್ಟಗ" ಎಂದು ಕೈಮುಗಿದು ಹೋದನು.

ಮನೆಯಲ್ಲಿ ಕುದುರೆ ನಿಂತ ಮೇಲೆ ಮೊಮ್ಮಕ್ಕಳ ಸಂಭ್ರಮಕ್ಕೆ ಮೇರೆಯುಂಟೆ? ಬೆಳಗ್ಗೆ ಒಬ್ಬನು ಬೆಲ್ಲದ ತುಣುಕನ್ನು ಕೊಟ್ಟರೆ ಮಧ್ಯಾಹ್ನ ಇನ್ನೊಬ್ಬಳು ತನ್ನ ಪಾಲಿನ ರೊಟ್ಟಿಯನ್ನು ಕೊಡುವಳು. ನಮ್ಮ ಮನೆಯವರು ಉಳಿದ ಅನ್ನವನ್ನು ಚೆಲ್ಲಲಾರದೆ ಅದರ ಗೋದಲಿಗೆ ಸುರಿಯುವರು. ಎಮ್ಮೆಗಾಗಿ ಸಿಂಧನೂರಿನ ಅಕ್ಕಿಗಿರಣಿಯಿಂದ ತರಿಸಿದ್ದ ತೌಡು ನುಚ್ಚುಗಳಲ್ಲಿಯೂ ದಿನಕ್ಕೊಂದು ಪಾಲು ತಟ್ಟುವಿಗೆ ಸಲ್ಲತೊಡಗಿತು. ನಾನಾದರೋ ವೈದ್ಯರ ಆಜ್ಞೆಯಂತೆ ಬಹುಕಾಲದಿಂದ ಸಿಹಿಯನ್ನು ವರ್ಜಿಸಿದವನು. ನನ್ನ ಪಾಲಿನ ಬೆಲ್ಲವೂ ಅದರ ಬಾಯಿಗೇ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಹುಣ್ಣು ಮಾಯಿತು, ಪಕ್ಕೆಯೆಲುಬುಗಳು ಮರೆಯಾದುವು, ಕತ್ತಿನ ಮೇಲಂಚು ದಿಂಬಿನಂತೆ ಉಬ್ಬಿಕೊಂಡಿತು. ಅದನ್ನು ಕಂಡು ನಾವೆಲ್ಲರೂ ಹಿಗ್ಗಿದೆವು.

ಒಂದು ಸಂಜೆ ಹೊಸದಾಗಿ ತಂದ ನುಚ್ಚಿನ ಚೀಲವನ್ನು ಕತ್ತಲಾಯಿತೆಂದು ಕೊಟ್ಟಿಗೆಯ ಮೂಲೆಯಲ್ಲಿಯೇ ಇಳಿಸಿದೆವು. ತಟ್ಟುವಿನ ಹಗ್ಗದ ಗಂಟನ್ನು ನೋಡಿದವರಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಚೀಲದ ಹೊಲಿಗೆ ಬಿಚ್ಚಿದೆ, ನಾಲ್ಕು ಸೇರಿಗೆ ಕಡಮೆಯಿಲ್ಲದಷ್ಟು ನುಚ್ಚು ಮಾಯವಾಗಿದೆ! ತಟ್ಟು ಮಾತ್ರ ಎಂದಿನಂತೆ ಕಿವಿಯಾಡಿಸುತ್ತ ನಿಂತಿತ್ತು. ಹೊಟ್ಟೆಯುಬ್ಬರವಿಲ್ಲ, ಹೊರಳಾಟವಿಲ್ಲ. "ಗಟ್ಟಿ ಪ್ರಾಣಿ, ಅರಗಿಸಿಕೊಂಡಿತು" ಎಂದು ನಾವು ಸಮಾಧಾನಪಟ್ಟು ನಮ್ಮ ನಮ್ಮ ಕೆಲಸಗಳಿಗೆ ಹೋದೆವು. ವಾಚಕರೇ, ನಾವು ಕಳೆದುಕೊಂಡದ್ದು ಆ ದಿನವನ್ನೇ. ಈ ವ್ಯಾಧಿಯ ಕಪಟವು ಅಲ್ಲಿಯೇ ಇದೆ. ಧಾನ್ಯವನ್ನು ಮಿತಿಮೀರಿ ತಿಂದ ಕುದುರೆಯ ಗೊರಸಿನೊಳಗೆ ಅನರ್ಥವು ಮೊದಲಾಗಿರುತ್ತದೆ. ಹೊರಗೆ ಕುಂಟು ಕಾಣಿಸುವುದು ಸಾಮಾನ್ಯವಾಗಿ ಒಂದೆರಡು ದಿನಗಳಾದ ಮೇಲೆಯೇ.

ಮರುದಿನ ರಾತ್ರಿ ಮಲಗುವ ಮೊದಲು ಕೊಟ್ಟಿಗೆಗೆ ಹೋದಾಗ ತಟ್ಟುವಿನ ನಿಲುವೇ ಬೇರೆಯಾಗಿತ್ತು. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಹಿಂಗಾಲುಗಳನ್ನು ಹೊಟ್ಟೆಯಡಿಗೆ ತಂದು, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತ್ತು. ಕಾದ ಕಲ್ಲಿನ ಮೇಲೆ ನಿಂತವರಂತೆ ಒಂದು ಕಾಲನ್ನು ಎತ್ತಿ ಇನ್ನೊಂದನ್ನು ಊರುತ್ತಿತ್ತು. ಆಗ ನಾನು ಮಾಡಿದ್ದೇನು? ಪಶುವೈದ್ಯರನ್ನು ಕರೆಯಬೇಕಾದ ಹೊತ್ತಿನಲ್ಲಿ ಪುಸ್ತಕದ ಕಪಾಟನ್ನು ತೆರೆದೆನು! ಕಲಕತ್ತೆಯಲ್ಲಿ ಹಿಂದೆ ಅಚ್ಚಾದ ಜಯದತ್ತನ ಅಶ್ವವೈದ್ಯಕದ ಪ್ರತಿಯೊಂದು ನನ್ನಲ್ಲಿದೆ. ದೀಪದ ಮುಂದೆ ಕುಳಿತು ಪುಟಗಳನ್ನು ತಿರುವುತ್ತ ಒಂದು ರಾತ್ರಿಯನ್ನು ವ್ಯರ್ಥಮಾಡಿದೆನು. ಬೆಳಗಾದ ಮೇಲೆ, ಕಾಲು ಹಿಡಿದುಕೊಂಡಿರಬೇಕು, ನಡೆಸಿದರೆ ಸಡಿಲವಾಗುವುದೆಂದು ಪರಿಚಿತರೊಬ್ಬರು ಹೇಳಿದ್ದನ್ನು ನಂಬಿ, ಹಗ್ಗ ಹಿಡಿದು ಅದನ್ನು ಡಾಂಬರು ರಸ್ತೆಯಲ್ಲಿ ಇನ್ನೂರು ಹೆಜ್ಜೆ ನಡೆಸಿದೆನು. ಅದು ಒಂದೊಂದು ಹೆಜ್ಜೆಗೂ ನಿಲ್ಲುತ್ತಿತ್ತು, ನಾನು ಎಳೆಯುತ್ತಿದ್ದೆನು. ಆ ಇನ್ನೂರು ಹೆಜ್ಜೆಗಳ ನೆನಪು ಈಗಲೂ ನನ್ನನ್ನು ಚುಚ್ಚುತ್ತದೆ.

ಕೊನೆಗೆ ಪಶುವೈದ್ಯೆಯು ಬಂದಳು. ಆಕೆ ಹಿಂದೆ ನನ್ನ ತರಗತಿಯಲ್ಲಿಯೇ ಕುಳಿತು ಶಬ್ದರೂಪಗಳನ್ನು ಒಪ್ಪಿಸಿದ ಹುಡುಗಿ. ತಟ್ಟು ನಿಂತ ರೀತಿಯನ್ನು ದೂರದಿಂದಲೇ ನೋಡಿ, ಹತ್ತಿರ ಬಂದು ಗೊರಸನ್ನು ಮುಟ್ಟಿ, ಗೊರಸಿಗೂ ಅದರ ಮೇಲಣ ಗೆಣ್ಣಿಗೂ ನಡುವೆ ಹಿಂಬದಿಯಲ್ಲಿ ಎರಡು ಬೆರಳುಗಳನ್ನಿಟ್ಟಳು. ಬಳಿಕ ನನ್ನ ಬೆರಳುಗಳನ್ನೂ ಅಲ್ಲಿಯೇ ಇಡಿಸಿ, "ಗುರುಗಳೇ, ಸ್ವಸ್ಥವಾದ ಕುದುರೆಯಲ್ಲಿ ಇಲ್ಲಿ ನಾಡಿಯನ್ನು ಹುಡುಕಬೇಕು. ಇದರಲ್ಲಿ ಅದೇ ನಿಮ್ಮ ಬೆರಳನ್ನು ಹೊಡೆಯುತ್ತಿದೆ, ನೋಡಿರಿ" ಎಂದಳು. ಗೊರಸು ಬಿಸಿಯಾಗಿತ್ತು, ನಾಡಿಯು ಡಮರುವಿನಂತೆ ಬಡಿಯುತ್ತಿತ್ತು. ನಡೆದುದೆಲ್ಲವನ್ನೂ ಹೇಳಿದೆನು. ಬೆಲ್ಲದ ಮಾತು ಬಂದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗೆ ವಿಷವೆಂದು ಬಿಟ್ಟದ್ದನ್ನು ಇದಕ್ಕೆ ಅಮೃತವೆಂದು ಕೊಟ್ಟಿರಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ವ್ಯಾಧಿಯ ಸ್ವರೂಪ

ಪಶುವೈದ್ಯರು ಇದನ್ನು ಲ್ಯಾಮಿನೈಟಿಸ್ ಎಂದು ಕರೆಯುತ್ತಾರೆ. ಲ್ಯಾಮಿನಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೆಳುವಾದ ತಗಡು ಅಥವಾ ಪದರ. ಕುದುರೆಯ ಗೊರಸಿನ ಗೋಡೆಯ ಒಳಮೈಯಲ್ಲಿ ಸುಮಾರು ೫೫೦ರಿಂದ ೬೦೦ ಪದರಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದೊಂದಕ್ಕೂ ನೂರಕ್ಕೆ ಮಿಕ್ಕ ಕಿರಿಯ ಪದರಗಳುಂಟು. ಗೊರಸಿನೊಳಗಿರುವ ಎಲುಬಿನ ಹೊರಮೈಯಲ್ಲಿಯೂ ಇದಕ್ಕೆ ಸರಿಹೊಂದುವ ಪದರಗಳಿವೆ. ಎರಡು ಪುಸ್ತಕಗಳ ಹಾಳೆಗಳನ್ನು ಒಂದರ ನಡುವೆ ಒಂದಾಗಿ ಸೇರಿಸಿ ಎಳೆದು ನೋಡಿರಿ: ಅವು ಬಿಡುವುದಿಲ್ಲ. ಹಾಗೆಯೇ ಆ ಎಲುಬು ಗೊರಸಿನ ಗೋಡೆಗೆ ತೂಗುಹಾಕಿದಂತೆ ಅಂಟಿಕೊಂಡಿರುತ್ತದೆ. ಕುದುರೆಯು ತನ್ನ ಭಾರವನ್ನೂ ತನ್ನ ಮೇಲಿನ ಹೊರೆಯನ್ನೂ ಹೊರುವುದು ಈ ಹಾಳೆಗಳ ಹಿಡಿತದ ಬಲದಿಂದ.

ರೋಗವು ಬಂದಾಗ ಈ ಹಿಡಿತವು ಸಡಿಲುತ್ತದೆ. ಎಲುಬಿನ ಹಿಂಭಾಗಕ್ಕೆ ಕಟ್ಟಿರುವ ಬಲವಾದ ನರವು ಹಿಂದಕ್ಕೆ ಎಳೆಯುತ್ತದೆ, ಮೇಲಣ ಭಾರವು ಕೆಳಕ್ಕೆ ಒತ್ತುತ್ತದೆ. ಆಗ ಎಲುಬಿನ ತುದಿಯು ಓರೆಯಾಗಿ ಅಂಗಾಲಿನ ಕಡೆಗೆ ತಿರುಗುತ್ತದೆ. ಹಿಡಿತವು ಪೂರ್ತಿಯಾಗಿ ತಪ್ಪಿದರೆ ಎಲುಬೇ ಕುಸಿಯುತ್ತದೆ. ಇಂಗ್ಲಿಷರು ಇದಕ್ಕೆ ಇಟ್ಟ ಹಳೆಯ ಹೆಸರು ಫೌಂಡರ್, ಎಂದರೆ ತಳಕ್ಕಿಳಿಯುವುದು, ಹಡಗಿನಂತೆ ಮುಳುಗುವುದು. ಆ ಶಬ್ದದ ಬೇರು ಲ್ಯಾಟಿನ್ನಿನ ಫುಂಡುಸ್. ಅದೂ ನಮ್ಮ ಸಂಸ್ಕೃತದ ಬುಧ್ನ ಶಬ್ದವೂ ಒಂದೇ ಮೂಲದ ಸೋದರರು, ಎರಡಕ್ಕೂ ತಳವೆಂದೇ ಅರ್ಥ. ಗೊರಸಿನೊಳಗೆ ಎಲುಬು ತಳವನ್ನು ಕಾಣುವುದೆಂದರೇನೆಂದು ತಿಳಿದ ದಿನ ನನಗೆ ಈ ಶಬ್ದವ್ಯುತ್ಪತ್ತಿಯಲ್ಲಿ ಸ್ವಾರಸ್ಯ ಕಾಣಲಿಲ್ಲ. ಡಾಂಬರಿನ ಮೇಲೆ ನಾನು ಎಳೆದ ಇನ್ನೂರು ಹೆಜ್ಜೆಗಳಲ್ಲಿ ಒಂದೊಂದು ಹೆಜ್ಜೆಯೂ ಆ ಹಾಳೆಗಳನ್ನು ಹರಿಯುತ್ತಿತ್ತೆಂದು ಮಾತ್ರ ತಿಳಿಯಿತು.

ನಿದಾನ

ಹೊಟ್ಟೆಗೆ ತಿಂದ ನುಚ್ಚು ಗೊರಸನ್ನು ಹೇಗೆ ಕೆಡಿಸಿತು? ಕುದುರೆಯು ಆಕಳಿನಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಜಠರವು ಮೈಯ ಗಾತ್ರಕ್ಕೆ ಚಿಕ್ಕದು. ನಾರುಳ್ಳ ಹುಲ್ಲನ್ನು ಅದು ಕರುಳಿನ ಹಿಂಭಾಗದಲ್ಲಿ, ಸೂಕ್ಷ್ಮಜೀವಿಗಳ ನೆರವಿನಿಂದ, ನಿಧಾನವಾಗಿ ಹುಳಿಯಿಸಿ ಪಚನ ಮಾಡಿಕೊಳ್ಳುತ್ತದೆ. ಒಮ್ಮೆಲೇ ರಾಶಿ ಧಾನ್ಯವು ಬಂದರೆ ಮುಂಗರುಳಿನಲ್ಲಿ ಅರಗದ ಹಿಟ್ಟಿನಂಶವು ಹಿಂಗರುಳಿಗೆ ಇಳಿಯುತ್ತದೆ. ಅಲ್ಲಿ ಹುಳಿಯು ಮಿತಿಮೀರುತ್ತದೆ, ಕರುಳಿನ ಒಳಪೊರೆಯು ಸುಡುತ್ತದೆ, ವಿಷವಸ್ತುಗಳು ರಕ್ತಕ್ಕೆ ಸೇರಿ ಗೊರಸಿನ ಪದರಗಳವರೆಗೂ ಹೋಗಿ ಅವುಗಳ ಅಂಟನ್ನು ಕೆಡಿಸುತ್ತವೆ. ಇದು ಒಂದು ದಾರಿ.

ಇನ್ನೊಂದು ದಾರಿಯು ಮೆಲ್ಲಗೆ ಬರುವಂಥದು. ಕೊಬ್ಬಿದ ತಟ್ಟುಗಳ ರಕ್ತದಲ್ಲಿ ಇನ್ಸುಲಿನ್ ಎಂಬ ರಸವು ಹೆಚ್ಚುತ್ತದೆ. ೨೦೦೭ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಾಗಿದ್ದ ತಟ್ಟುಗಳ ರಕ್ತಕ್ಕೆ ಇನ್ಸುಲಿನ್ನನ್ನು ಹೆಚ್ಚಾಗಿ ಕೊಟ್ಟು ನೋಡಿದಾಗ, ಬೇರೆ ಯಾವ ಕಾರಣವೂ ಇಲ್ಲದೆ, ಮೂರು ದಿನಗಳೊಳಗೆ ಅವುಗಳ ಗೊರಸುಗಳಲ್ಲಿ ಈ ವ್ಯಾಧಿಯು ಕಾಣಿಸಿಕೊಂಡಿತು. ನಮ್ಮ ಸಕ್ಕರೆ ಕಾಯಿಲೆಗೂ ಇದಕ್ಕೂ ಹೀಗೆ ದೂರದ ನಂಟಿದೆಯೆನ್ನಬಹುದು. ದಿಂಬಿನಂತೆ ಉಬ್ಬಿದ ಕತ್ತನ್ನು ಕಂಡು ನಾವು ಹಿಗ್ಗಿದೆವಷ್ಟೆ, ಅದು ಪುಷ್ಟಿಯ ಗುರುತಲ್ಲ, ಎಚ್ಚರಿಕೆಯ ಗುರುತು. ಒಂದು ತಿಂಗಳಿನ ಬೆಲ್ಲವು ನೆಲವನ್ನು ಹದಮಾಡಿತ್ತು, ಒಂದು ರಾತ್ರಿಯ ನುಚ್ಚು ಬೀಜವನ್ನು ಬಿತ್ತಿತು.

ಈಯಲು ಬಂದ ಕುದುರೆಗೆ ಮಾಸು ಬೀಳದೆ ನಂಜೇರಿದರೂ, ಒಂದು ಕಾಲು ಮುರಿದು ಇನ್ನೊಂದರ ಮೇಲೆಯೇ ಬಹುದಿನ ಭಾರ ಬಿದ್ದರೂ, ಗಟ್ಟಿನೆಲದ ಮೇಲೆ ಮಿತಿಮೀರಿ ಓಡಿಸಿದರೂ ಇದು ಬರುವುದುಂಟು. ಬೆವತ ಕುದುರೆಯು ತಣ್ಣೀರು ಕುಡಿದರೆ ಬರುತ್ತದೆಂಬ ಹಳೆಯ ನಂಬಿಕೆಗೆ ಮಾತ್ರ ಆಧಾರವಿಲ್ಲ. ಆ ನಂಬಿಕೆಯಿಂದ ನಮ್ಮ ರಾಯಚೂರು ಸೀಮೆಯ ಬಿಸಿಲಿನಲ್ಲಿ ಬಾಯಾರಿದ ಪ್ರಾಣಿಗೆ ನೀರನ್ನು ತಪ್ಪಿಸುವುದು ಪಾಪವೇ ಸರಿ.

ಹಿಂದಿನವರ ಅನುಭವ

ಇದು ಹೊಸ ರೋಗವಲ್ಲ. ಜವೆಗೋದಿಯನ್ನು ಅತಿಯಾಗಿ ತಿಂದ ಕುದುರೆಗೆ ಬರುವ ಬೇನೆಯನ್ನು ಗ್ರೀಕರಲ್ಲಿ ಜೆನೊಫನ್, ಅರಿಸ್ಟಾಟಲ್ ಇಬ್ಬರೂ ಬಲ್ಲರು. ಅವರ ಭಾಷೆಯಲ್ಲಿ ಅದಕ್ಕೆ ಜವೆಯಿಂದಲೇ ಹೆಸರು. ನಮ್ಮಲ್ಲಿ ಶಾಲಿಹೋತ್ರನ ಹೆಸರು ಅಶ್ವವೈದ್ಯಕ್ಕೇ ಪರ್ಯಾಯವಾಯಿತು. ಉರ್ದುವಿನಲ್ಲಿ ಕುದುರೆಯ ವೈದ್ಯನನ್ನು ಸಲೋತ್ರಿ ಎನ್ನುವುದು ಆ ಋಷಿಯ ಹೆಸರಿನಿಂದಲೇ ಬಂದುದು. ನಿಜಾಮರ ಆಳ್ವಿಕೆಯಲ್ಲಿದ್ದು, ಹೈದರಾಬಾದ್ ಕಂಟಿಂಜೆಂಟ್ ದಂಡಿನ ಛಾವಣಿಯೂ ಇದ್ದ ನಮ್ಮ ಲಿಂಗಸುಗೂರಿಗೆ ಆ ಶಬ್ದವು ಅಪರಿಚಿತವಾಗಿರಲಾರದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅಶ್ವಗಳ ವಿಚಾರವು ವಿಸ್ತಾರವಾಗಿದೆ. ಅಭಿನವಚಂದ್ರನೆಂಬ ಕವಿಯು ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದನು. ೧೫೨೦ರ ರಾಯಚೂರು ಯುದ್ಧಕ್ಕೂ, ಪೋರ್ಚುಗೀಸ್ ಬರೆಹಗಾರ ನೂನಿಜನು ಹೇಳುವಂತೆ, ಕುದುರೆಗಳನ್ನು ಕೊಳ್ಳಲು ಕೃಷ್ಣದೇವರಾಯನು ಕೊಟ್ಟು ಕಳುಹಿಸಿದ ಹಣದೊಡನೆ ಒಬ್ಬನು ಆದಿಲ್ ಶಾಹನ ಸೀಮೆಗೆ ಓಡಿಹೋದದ್ದು ಒಂದು ನೆವವಾಯಿತು.

ಇಷ್ಟು ಬೆಲೆಬಾಳುವ ಪ್ರಾಣಿಯನ್ನು ಸಾಕುವ ಬಗೆ ಎಲ್ಲರಿಗೂ ತಿಳಿದಿತ್ತೆನ್ನುವಂತಿಲ್ಲ. ೧೩ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೋ, ಅಲ್ಲಿಯವರು ಹಡಗಿನಲ್ಲಿ ತರಿಸಿದ ಕುದುರೆಗಳಿಗೆ ಮಾಂಸದೊಡನೆ ಬೇಯಿಸಿದ ಅಕ್ಕಿಯನ್ನು ತಿನ್ನಿಸುತ್ತಾರೆಂದೂ, ಆರೈಕೆ ಬಲ್ಲವರಿಲ್ಲದೆ ಅವು ಬೇಗನೆ ಸಾಯುತ್ತವೆಂದೂ ಬರೆದಿದ್ದಾನೆ. ಅವುಗಳಲ್ಲಿ ಎಷ್ಟು ಈ ವ್ಯಾಧಿಯಿಂದ ಸತ್ತುವೆಂದು ಹೇಳಬಲ್ಲವರಾರು? ಆದರೆ ಆ ಮಾತನ್ನು ಓದಿದಾಗಲೆಲ್ಲ ನಮ್ಮ ಗೋದಲಿಗೆ ಸುರಿದ ಅನ್ನವು ನನ್ನ ಕಣ್ಣಮುಂದೆ ಬರುತ್ತದೆ. ಐಶ್ವರ್ಯವೂ ಇದರೆದುರು ನಿಲ್ಲದು. ೧೯೭೩ರಲ್ಲಿ ಅಮೆರಿಕೆಯ ಮೂರು ಹಿರಿಯ ಪಂದ್ಯಗಳನ್ನೂ ಗೆದ್ದ ಸೆಕ್ರೆಟೇರಿಯಟ್ ಎಂಬ ಜಗತ್ಪ್ರಸಿದ್ಧವಾದ ಕುದುರೆಗೆ ಇದೇ ಬೇನೆಯು ಬಂದು, ೧೯೮೯ರಲ್ಲಿ ಅದಕ್ಕೆ ದಯಾಮರಣವನ್ನು ಕೊಡಬೇಕಾಯಿತು.

ಉಪಚಾರ

ಆ ದಿನ ವೈದ್ಯೆಯು ಮಾಡಿದ ಮತ್ತು ಮಾಡಿಸಿದ ಕಾರ್ಯಗಳನ್ನು ಕ್ರಮವಾಗಿ ಹೇಳುವೆನು. ಮೊದಲನೆಯದು, ನಡೆಸುವುದನ್ನು ನಿಲ್ಲಿಸಿದ್ದು. ನಮ್ಮ ಪಡಸಾಲೆಯ ಕೆಲಸಕ್ಕೆಂದು ತರಿಸಿದ್ದ ಮರಳನ್ನು ಕೊಟ್ಟಿಗೆಯಲ್ಲಿ ಗೇಣುದ್ದ ದಪ್ಪಕ್ಕೆ ಹರಡಿ ಅದರ ಮೇಲೆ ತಟ್ಟುವನ್ನು ನಿಲ್ಲಿಸಿದೆವು. ಮರಳು ಅಂಗಾಲಿನ ಆಕಾರಕ್ಕೆ ತಾನೇ ಒಗ್ಗಿ ಭಾರವನ್ನು ಹಂಚಿಕೊಳ್ಳುತ್ತದೆ. ಅದಕ್ಕೆ ಮಲಗಬೇಕೆನಿಸಿದರೆ ಮಲಗಲಿ, ಎಬ್ಬಿಸಬೇಡಿರಿ ಎಂದಳು.

ಎರಡನೆಯದು ತಂಪು. ಊರಿನಲ್ಲಿ ಮಂಜುಗಡ್ಡೆಯನ್ನು ತರಿಸಿ ಒಡೆದು, ಅಗಲವಾದ ರಬ್ಬರಿನ ಬುಟ್ಟಿಗಳಲ್ಲಿ ನೀರಿನೊಡನೆ ತುಂಬಿ, ಕಾಲುಗಳನ್ನು ಮೊಣಕಾಲಿನ ಕೆಳಭಾಗದವರೆಗೆ ಅದರಲ್ಲಿ ಇರಿಸಿದೆವು. ಹತ್ತು ನಿಮಿಷ ಇಟ್ಟು ತೆಗೆಯುವುದಲ್ಲ. ಹಗಲಿರುಳು ಎರಡು ಮೂರು ದಿನ ಬಿಡದೆ ಗೊರಸು ತಣ್ಣಗಿರಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ೨೦೦೪ರಲ್ಲಿ ನಡೆದ ಪ್ರಯೋಗವು ಇಂಥ ಎಡೆಬಿಡದ ತಂಪಿನ ಗುಣವನ್ನು ತೋರಿಸಿಕೊಟ್ಟಿತು. ಆದರೆ ಅದರ ಪೂರ್ಣಫಲವು ದೊರೆಯುವುದು ಕುಂಟು ಕಾಣಿಸುವುದಕ್ಕೆ ಮೊದಲೇ ತೊಡಗಿದರೆ. ಚೀಲ ಹರಿದುದನ್ನು ಕಂಡ ಬೆಳಗ್ಗೆಯೇ ಕರೆದಿದ್ದರೆ ಮೂಗಿನ ಮೂಲಕ ನಳಿಕೆಯಿಳಿಸಿ ಹೊಟ್ಟೆಗೂ ಔಷಧ ಕೊಡಬಹುದಾಗಿತ್ತು, ಗೊರಸಿಗೂ ಮಂಜುಗಡ್ಡೆಯ ತಂಪನ್ನು ಆಗಲೇ ಕೊಡಬಹುದಾಗಿತ್ತು ಎಂದು ಆಕೆ ಹೇಳಿದಳು.

ಮೂರನೆಯದು ನೋವಿನ ಔಷಧ. ಅದನ್ನು ವೈದ್ಯರೇ ಪ್ರಾಣಿಯ ತೂಕವನ್ನು ನೋಡಿ ಕೊಡತಕ್ಕದ್ದು. ಮನೆಯಲ್ಲಿರುವ ಮನುಷ್ಯರ ಮಾತ್ರೆಗಳನ್ನು ಕೊಟ್ಟರೆ ಜಠರವೂ ಮೂತ್ರಪಿಂಡವೂ ಕೆಡುವುವು. ನೋವು ತಗ್ಗಿತೆಂದು ಪ್ರಾಣಿಯನ್ನು ನಡೆಸಲೂಬಾರದು. ನೋವು ತಗ್ಗಿದ್ದು ಮದ್ದಿನಿಂದ, ಹರಿದ ಹಾಳೆಗಳು ಕೂಡಿಕೊಂಡುದರಿಂದಲ್ಲ.

ನಾಲ್ಕನೆಯದು ಅಂಗಾಲಿನ ಆಸರೆ. ಪೆಟ್ಟಿಗೆಗಳಲ್ಲಿ ಬರುವ ದಪ್ಪನಾದ ಥರ್ಮಾಕೋಲನ್ನು ಗೊರಸಿನ ಅಳತೆಗೆ ಕೊಯ್ದು ಪಟ್ಟಿಯಿಂದ ಬಿಗಿದೆವು. ಕೆಲವು ವಾರಗಳ ತರುವಾಯ, ನಮ್ಮ ಸೀಮೆಯಲ್ಲಿ ಈಗ ಎತ್ತುಗಳಿಗೇ ಹೆಚ್ಚಾಗಿ ನಾಲು ಕಟ್ಟುವ ನಾಲಬಂದನೊಬ್ಬನು ಬಂದು, ವೈದ್ಯೆಯು ಗೆರೆ ಹಾಕಿ ತೋರಿಸಿದಂತೆ ಗೊರಸಿನ ಮುಂತುದಿಯನ್ನು ಹಿಂದಕ್ಕೆ ತಂದು, ಎತ್ತರವಾದ ಹಿಮ್ಮಡಿಯನ್ನು ತಗ್ಗಿಸಿದನು. ನಾಲ್ಕೈದು ವಾರಕ್ಕೊಮ್ಮೆ ಈ ಕೆಲಸವು ನಡೆಯಿತು. ಎಲುಬು ಎಷ್ಟು ತಿರುಗಿದೆಯೆಂದು ಕ್ಷಕಿರಣದ ಚಿತ್ರದಿಂದ ನಿಶ್ಚಯಿಸಬಹುದು. ನಮ್ಮ ಕಡೆಯವರಿಗೆ ಬೀದರಿನ ಪಶುವೈದ್ಯಕೀಯ ಮಹಾವಿದ್ಯಾಲಯವು ಇಂಥ ಕಾರ್ಯಕ್ಕೆ ಆಸರೆಯಾದ ಸ್ಥಳ. ಊರಿನಲ್ಲಿ ಪಶುವೈದ್ಯರು ಕೂಡಲೇ ದೊರೆಯದಿದ್ದರೆ ಸರಕಾರದ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ೧೯೬೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕರೆಯಬಹುದು.

ಪಥ್ಯ

ಧಾನ್ಯ, ತೌಡು, ಅನ್ನ, ಬೆಲ್ಲಗಳು ಅಂದೇ ನಿಂತುವು. ತಪ್ಪಿನಿಂದ ಬೆದರಿದ ನಾನು ಉಪವಾಸವನ್ನೇ ಮಾಡಿಸಲು ಹೊರಟೆನು, ವೈದ್ಯೆಯು ತಡೆದಳು. ಕೊಬ್ಬಿದ ತಟ್ಟು ಒಮ್ಮೆಲೇ ಉಪವಾಸಬಿದ್ದರೆ ಮೈಯ ಕೊಬ್ಬೆಲ್ಲ ರಕ್ತಕ್ಕೆ ಇಳಿದು ರಕ್ತವು ಹಾಲಿನಂತಾಗಿ ಪ್ರಾಣಕ್ಕೇ ಅಪಾಯವಂತೆ. ಆದುದರಿಂದ ಪಥ್ಯವನ್ನು ಲೆಕ್ಕದಿಂದ ಮಾಡಬ���ಕು. ತಕ್ಕಡಿಯಿಲ್ಲದೆ ಕುದುರೆಯ ತೂಕವನ್ನು ತಿಳಿಯುವ ಒಂದು ಸೂತ್ರವನ್ನು ಆಕೆ ಹೇಳಿಕೊಟ್ಟಳು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಹೆಗಲಿನ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, ೧೧,೮೮೦ರಿಂದ ಭಾಗಿಸಿದರೆ ಸುಮಾರಾಗಿ ಕಿಲೋಗ್ರಾಂ ಲೆಕ್ಕದ ತೂಕವು ಬರುತ್ತದೆ. ನಮ್ಮ ತಟ್ಟುವಿನ ಸುತ್ತಳತೆ ೧೩೮, ಉದ್ದ ೧೨೫. ತೂಕವು ೨೦೦ ಕಿಲೋ. ನೂರಕ್ಕೆ ಒಂದೂವರೆಯಂತೆ ದಿನಕ್ಕೆ ೩ ಕಿಲೋ ಒಣಹುಲ್ಲು.

ಆ ಹುಲ್ಲನ್ನೂ ಒಂದು ಗಂಟೆಯ ಕಾಲ ನೀರಿನಲ್ಲಿ ನೆನೆಯಿಟ್ಟು, ನೀರನ್ನು ಚೆಲ್ಲಿ, ಮೂರು ನಾಲ್ಕು ಹೊತ್ತಿಗೆ ಹಂಚಿ ಕೊಟ್ಟೆವು. ಹುಲ್ಲಿನಲ್ಲಿರುವ ಸಕ್ಕರೆಯಂಶವು ಸ್ವಲ್ಪಮಟ್ಟಿಗೆ ನೀರಿನೊಡನೆ ಹೋಗುತ್ತದೆ. ಕುಡಿಯಲು ಯಥೇಚ್ಛವಾಗಿ ನೀರು, ನೆಕ್ಕಲು ಉಪ್ಪು, ವೈದ್ಯೆಯು ಹೇಳಿದಷ್ಟು ಖನಿಜದ ಪುಡಿ. ಕಾಲುವೆಯ ದಂಡೆಯ ಎಳೆಹಸುರು ಹುಲ್ಲು ಇಂಥ ಪ್ರಾಣಿಗೆ ಧಾನ್ಯಕ್ಕೆ ಸಮಾನವೆಂದು ತಿಳಿಯಬೇಕು. ಚೇತರಿಸಿದ ಮೇಲೆ ಮೇಯಲು ಬಿಡುವುದಾದರೂ ನಸುಕಿನಲ್ಲಿ ಬಿಟ್ಟು ಬಿಸಿಲೇರುವ ಮೊದಲು ಕಟ್ಟಬೇಕು. ಬಿಸಿಲೇರಿದಂತೆ ಹುಲ್ಲಿನಲ್ಲಿ ಸಕ್ಕರೆಯೂ ಏರುತ್ತದೆ.

ಇಲ್ಲಿ ನನಗೆ ತೋರಿದ ಒಂದು ಮಾತನ್ನು ಹೇಳಬೇಕು. ತುಂಗಭದ್ರೆಯ ಎಡದಂಡೆಯ ಕಾಲುವೆಯು ಬರುವ ಮೊದಲು ಸಿಂಧನೂರು ಸೀಮೆಯು ಜೋಳ ಸಜ್ಜೆಗಳ ಒಣನಾಡು. ಕುರಿಗಾರರ ತಟ್ಟು ಆ ಒಣನಾಡಿನ ಪ್ರಾಣಿ. ಕಲ್ಲುನೆಲದ ಕುರುಚಲು ಹುಲ್ಲನ್ನು ತಿಂದು, ದಿನಕ್ಕೆ ಹರದಾರಿಗಟ್ಟಲೆ ನಡೆದು, ದೊರೆತ ಕಣಕಣವನ್ನೂ ಮೈಯಲ್ಲಿ ಉಳಿಸಿಕೊಳ್ಳುವುದು ಅದರ ಸ್ವಭಾವ. ಕಾಲುವೆಯ ನೀರು ಬಂದು ಗಿರಣಿಗಳೆದ್ದು ತೌಡು ನುಚ್ಚುಗಳು ಬೀದಿಬೀದಿಗೆ ಬಂದದ್ದು ನಮ್ಮ ಭಾಗ್ಯ. ಆದರೆ ಬರವನ್ನು ಗೆಲ್ಲಲು ಹುಟ್ಟಿದ ಮೈಗೆ ಸುಭಿಕ್ಷವೇ ಶತ್ರುವಾಗಬಲ್ಲದು. ಜೋಳದ ರೊಟ್ಟಿಯಿಂದ ಅನ್ನಕ್ಕೂ ಸಿಹಿಗೂ ತಿರುಗಿ, ನಡೆಯುವುದನ್ನು ಬಿಟ್ಟು ಕುಳಿತ ನನ್ನಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೇನಾಯಿತು

ಪುಷ್ಯದಲ್ಲಿ ಕುರಿಗಾರನು ತಟ್ಟುವನ್ನು ಕರೆದೊಯ್ಯಲು ಬಂದನು. ಮರಳಿನಲ್ಲಿ ಮಲಗಿದ್ದ ಅದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ನಾನು ನಡೆದುದೆಲ್ಲವನ್ನೂ ಮುಚ್ಚದೆ ಹೇಳಿದೆನು. ಅವನ ಹೆಂಡತಿಯು ಮಾತ್ರ ನಮ್ಮ ಮನೆಯವರ ಕಡೆ ನೋಡಿ, "ಅಕ್ಕಾರ, ನಾವು ಹೊಟ್ಟಿಗಿಲ್ಲದಂಗ ಸಾಕಿದ್ವಿ, ಖರೆ. ಆದ್ರ ಕಾಲಿಗೆ ಏನೂ ಮಾಡಿರ್ಲಿಲ್ರಿ" ಎಂದಳು. ಅದರಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ಅವರ ಸಾಮಾನನ್ನು ಸಾಗಿಸುವ ಬಾಡಿಗೆಯ ವಾಹನದ ವೆಚ್ಚವನ್ನು ಆ ವರ್ಷವೆಲ್ಲ ನನ್ನ ನಿವೃತ್ತಿ ವೇತನದಿಂದ ಕೊಟ್ಟೆನು. ಅದು ದಾನವಲ್ಲ, ದಂಡ.

ಗೊರಸು ತಿಂಗಳಿಗೆ ಆರರಿಂದ ಹತ್ತು ಮಿಲಿಮೀಟರು ಬೆಳೆಯುತ್ತದೆ. ಕೂದಲಿನ ಅಂಚಿನಿಂದ ನೆಲವನ್ನು ಮುಟ್ಟುವಷ್ಟು ಹೊಸ ಗೋಡೆ ಬೆಳೆಯಲು ಹೆಚ್ಚುಕಡಮೆ ಒಂದು ವರ್ಷ ಬೇಕು. ರೋಗದ ದಿನಗಳ ಗುರುತು ಗೊರಸಿನ ಮೇಲೆ ಬಳೆಯಂಥ ಉಬ್ಬುಗೆರೆಯಾಗಿ ಮೂಡಿತು. ತಿಂಗಳಿಗೊಮ್ಮೆ ಹಳೆಯ ಅಡಿಕೋಲನ್ನು ಹಿಡಿದು ಆ ಗೆರೆಯು ಎಷ್ಟು ಕೆಳಗಿಳಿಯಿತೆಂದು ಅಳೆದು ಬರೆದಿಡುತ್ತಿದ್ದೆನು. ಏಳು, ಹದಿನಾಲ್ಕು, ಇಪ್ಪತ್ತು ಎಂದು ಅಂಕಿಗಳು ಏರಿದುವು. ಗೆರೆಯ ಮೇಲೆ ಬೆಳೆದ ಗೋಡೆಯು ನೇರವಾಗಿತ್ತು, ಕೆಳಗಿನದು ಹೊರಚಾಚಿತ್ತು. ಹತ್ತನೆಯ ತಿಂಗಳಿನಲ್ಲಿ ಎದೆಯ ಸುತ್ತಳತೆ ೧೩೦ಕ್ಕೆ ಇಳಿದು, ತೂಕವು ೧೭೮ ಕಿಲೋ ಆಯಿತು. ಔಷಧವಿಲ್ಲದೆ, ತಾನಾಗಿಯೇ, ಅದು ಮರಳಿನಿಂದ ಅಂಗಳದ ಗಟ್ಟಿನೆಲಕ್ಕೆ ಕಾಲಿಟ್ಟಿತು.

ಅದು ಬದುಕಿತು, ಆದರೆ ಮೊದಲಿನಂತಾಗಲಿಲ್ಲ. ಒಮ್ಮೆ ಸಡಿಲಿದ ಹಿಡಿತವು ಮತ್ತೆ ಸಡಿಲುವ ಭಯವುಂಟು, ಭಾರವನ್ನು ಹೊರಿಸಬಾರದೆಂದು ವೈದ್ಯೆಯು ವಿಧಿಸಿದಳು. ಕುರಿಗಾರನು ಹೊರೆಗೆ ಇನ್ನೊಂದು ತಟ್ಟುವನ್ನು ಕೊಂಡನು. ಇದನ್ನು ಮಾರಲಿಲ್ಲ, ಅದರ ಬೆನ್ನಿನ ಮೇಲೆ ಈಗ ಎಳೆಮರಿಗಳನ್ನು ಮಾತ್ರ ಕೂರಿಸುತ್ತಾನೆ.

ಕಾಗದ ಬರೆದ ಸೋದರಿಯು ಇಷ್ಟನ್ನು ಗಮನಿಸಲಿ. ನಿಮ್ಮ ತಟ್ಟು ಮೈ ತುಂಬಿಕೊಳ್ಳಬೇಕಾಗಿಲ್ಲ. ಪಕ್ಕೆಯೆಲುಬುಗಳು ಕಣ್ಣಿಗೆ ಕಾಣದೆ, ಕೈಗೆ ಸುಲಭವಾಗಿ ತಗುಲುವಷ್ಟು ಮೈಯಿದ್ದರೆ ಸಾಕು. ಒಣಹುಲ್ಲು, ನೀರು, ಉಪ್ಪು, ದಿನದ ನಡಿಗೆ, ಇವೇ ಅದರ ಮೃಷ್ಟಾನ್ನ. ಧಾನ್ಯದ ಚೀಲಕ್ಕೂ ಅದಕ್ಕೂ ನಡುವೆ ಒಂದು ಬಾಗಿಲಿರಲಿ, ಬಾಗಿಲಿಗೆ ಚಿಲಕವಿರಲಿ. ದಿನಕ್ಕೊಮ್ಮೆ ಗೊರಸನ್ನು ಮುಟ್ಟಿ ನೋಡಿರಿ, ನಾಡಿಯನ್ನು ಸ್ವಸ್ಥವಾಗಿರುವಾಗಲೇ ಹುಡುಕಿ ಅಭ್ಯಾಸ ಮಾಡಿರಿ. ಎಂದಾದರೂ ಅದು ಚೀಲಕ್ಕೆ ಬಾಯಿ ಹಾಕಿದರೆ ಕುಂಟುವವರೆಗೆ ಕಾಯದೆ ಆ ಗಳಿಗೆಯಲ್ಲಿಯೇ ವೈದ್ಯರನ್ನು ಕರೆಯಿರಿ. ಮಕ್ಕಳಿಗೆ ಅದನ್ನು ಮುದ್ದಿಸಬೇಕೆನಿಸಿದರೆ ಕೈಗೆ ಬೆಲ್ಲವನ್ನು ಕೊಡಬೇಡಿರಿ, ಮೈಯುಜ್ಜುವ ಬ್ರಷ್ಷನ್ನು ಕೊಡಿರಿ.

ಈ ವರ್ಷದ ಕಾರ್ತಿಕದಲ್ಲಿಯೂ ಮಂದೆ ಬಂದಿತ್ತು. ತಟ್ಟು ದಾರಿಯಿಂದಲೇ ನಮ್ಮ ಅಂಗಳವನ್ನು ಗುರುತಿಸಿ, ಒಳಕ್ಕೆ ಬಂದು, ಹಳೆಯ ಅಭ್ಯಾಸದಂತೆ ಅಡುಗೆಮನೆಯ ಕಿಟಕಿಯ ಬಳಿ ಮೂತಿಯನ್ನು ಚಾಚಿ ನಿಂತಿತು. ನಮ್ಮ ಮನೆಯವರು ಒಳಗಿನಿಂದ ಬರಿಗೈಯಲ್ಲಿ ಹೊರಗೆ ಬಂದು, ಅದರ ಕತ್ತನ್ನು ಬಹಳ ಹೊತ್ತು ತಿಕ್ಕುತ್ತ ನಿಂತರು. ನಾನು ಬಗ್ಗಿ ಗೊರಸನ್ನು ಮುಟ್ಟಿ ನೋಡಿದೆನು. ತಣ್ಣಗಿತ್ತು.